ಸ್ಕಾರ್ಲೆಟ್ ಹಾರ್ಟ್: ಚೈನೀಸ್ ನೋಡೋದಾ, ಕೊರಿಯನ್ ನೋಡೋದಾ?

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು 2011ರ ಚೈನೀಸ್ ಸೀರಿಯಲ್ 'ಬು ಬು ಜಿಂಗ್ ಶಿನ್'ಗೆ, ಎಲ್ರೂ ಸ್ಕಾರ್ಲೆಟ್ ಹಾರ್ಟ್ ಅಂತಾರಲ್ಲ ಅದೇ. 2016ರಲ್ಲಿ ಕೊರಿಯಾದವ್ರು ಅದನ್ನೇ 'ಮೂನ್ ಲವರ್ಸ್' ಅಂತ ಮಾಡಿದ್ರು, ಅದನ್ನ ನೋಡಿ ನಾನೂ ಚೆನ್ನಾಗೇ ಅತ್ತಿದೀನಿ, ಆದ್ರೆ ಎರಡನ್ನೂ ಒಂದಾದ್ಮೇಲೆ ಒಂದು ನೋಡಿದ್ಮೇಲೆ ಮನಸ್ಸಲ್ಲಿ ಉಳ್ಕೊಂಡಿದ್ದು ಚೈನೀಸೇ.

ಕಥೆ ಎರಡರದ್ದೂ ಒಂದೇ. ಈ ಕಾಲದ ಹುಡುಗಿ ಹಳೇ ಕಾಲದ ಇನ್ನೊಬ್ಳ ಮೈಯಲ್ಲಿ ಕಣ್ಬಿಡ್ತಾಳೆ, ಸುತ್ತ ಪೂರ್ತಿ ರಾಜಕುಮಾರರು, ಮೊದಲು ಮನಸ್ಸು ಹೋಗೋದು ಎಂಟನೆಯವನ ಕಡೆ, ಆಮೇಲೆ ನಾಲ್ಕನೆಯವನ ಕಡೆ.

ಆದ್ರೆ ಚೈನೀಸ್‌ನಲ್ಲಿ ನಾಯಕಿ ರುವೋಷಿಗೆ ಚರಿತ್ರೆ ಚೆನ್ನಾಗಿ ಗೊತ್ತು. ಅವಳು ಬಂದು ಬೀಳೋದು ಕಾಂಗ್‌ಷಿ ಚಕ್ರವರ್ತಿ ಕಾಲಕ್ಕೆ, 1704ಕ್ಕೆ. 1722ರಲ್ಲಿ ಸಿಂಹಾಸನ ಹತ್ತೋದು ಈ ನಾಲ್ಕನೆಯವನೇ, ಇವನೇ ಮುಂದೆ ಯೋಂಗ್‌ಝೆಂಗ್ ಚಕ್ರವರ್ತಿ, ಎದುರು ನಿಂತ ತಮ್ಮಂದಿರನ್ನ ಇವನು ಬಿಡಲ್ಲ ಅನ್ನೋದೆಲ್ಲ ಅವಳಿಗೆ ಮೊದಲೇ ಗೊತ್ತಿರೋದ್ರಿಂದ ಯಾರನ್ನ ಇಷ್ಟಪಡೋಕೂ ಭಯ. ಎಂಟನೆಯವನಿಗೆ ಸಿಂಹಾಸನದ ಆಸೆ ಬಿಟ್ಬಿಡು ಅಂತಾಳೆ, ಅವನು ಬಿಡಲ್ಲ, ಅಲ್ಲಿಗೆ ಆ ಪ್ರೀತಿ ಮುಗೀತು. ಆಮೇಲೆ ವರ್ಷಗಟ್ಟಲೆ ಅರಮನೇಲಿ ಟೀ ಕೊಡೋ ಕೆಲಸ, ನಾಲ್ಕನೆಯವನು ಒಂದು ಮ್ಯಾಗ್ನೋಲಿಯಾ ಹೂವಿನ ಹೇರ್‌ಪಿನ್ ಕೊಟ್ರೂ ತಗೊಳ್ಳೋಕೆ ಹಿಂಜರಿಕೆ. ಈ ನಿಧಾನಕ್ಕೆ ಕಾರಣ ಇದೆ, ಎಪಿಸೋಡ್ ಎಳೆಯೋಕೆ ಮಾಡಿದ್ದಲ್ಲ. ಕೊರಿಯನ್ ಹುಡುಗಿಗೆ ಗೋರ್ಯೋ (ಕೊರಿಯಾದ ಹಳೇ ರಾಜ್ಯ) ಕಾಲದ ವಿಷಯ ಅಷ್ಟಾಗಿ ಗೊತ್ತಿಲ್ಲ, ಸೂರ್ಯಗ್ರಹಣದ ಹೊತ್ತಲ್ಲಿ ನೀರಿಗೆ ಬಿದ್ದು ಅಲ್ಲಿಗೆ ಬರ್ತಾಳೆ, ಅದಕ್ಕೇ ಅಲ್ಲಿ ಅನಾಹುತಗಳು ದಿಢೀರ್ ಅಂತ ಬಂದು ಬೀಳತ್ವೆ.

ಮಳೆ ಸೀನ್ ಎರಡರಲ್ಲೂ ಇದೆ. ಕೊರಿಯನ್‌ನಲ್ಲಿ ಮಂಡಿಯೂರಿ ಕೂತಿರೋ ಹುಡುಗಿಗೆ ನಾಲ್ಕನೆಯವನು ತನ್ನ ಮೇಲುಹೊದಿಕೇನ ಹಿಡಿದು ಮಳೆ ತಪ್ಪಿಸ್ತಾನೆ, ನೋಡೋಕೆ ತುಂಬಾ ಚಂದ. ಚೈನೀಸ್‌ನಲ್ಲಿ ಛತ್ರಿ ಎಸೆದು ಅವಳ ಜೊತೆ ತಾನೂ ನೆನೀತಾ ನಿಲ್ತಾನೆ, ಅಷ್ಟೇ. ಅವನ ಕೈಲಿ ಅವಳನ್ನ ಕಾಪಾಡೋಕೆ ಆಗಲ್ಲ ಅನ್ನೋದು ಇಬ್ರಿಗೂ ಗೊತ್ತು, ಅದಕ್ಕೇ ನಂಗೆ ಈ ಸೀನ್ ಹೆಚ್ಚು.

ಈಗ ತಲೆನೋವಿನ ವಿಷಯ. ಚೈನೀಸ್ ನೋಡೋಕೆ ಅಂತಾನೇ ಒಂದು ಆ್ಯಪ್‌ಗೆ ತಿಂಗಳ ಪ್ಯಾಕ್ ಹಾಕಿಸ್ದೆ, ಮೊಬೈಲಲ್ಲಿ ಸಬ್‌ಟೈಟಲ್ ಒಂದೆರಡು ಸೆಕೆಂಡ್ ಮುಂಚೇನೇ ಬರತ್ತೆ! ಫೈಟಿಂಗ್ ಸೀರಿಯಲ್ ಆಗಿದ್ರೆ ನಡೆಯತ್ತೆ. ಇಂಥ ಸೀರಿಯಲ್‌ನಲ್ಲಿ ಅವನು ಸುಮ್ನೆ ಅವಳ ಮುಖ ನೋಡ್ತಾನೆ, ಬಾಯಿ ತೆಗೀತಾನಾ ಇಲ್ವಾ ಅಂತ ನಾವು ಉಸಿರು ಬಿಗಿ ಹಿಡ್ಕೊಂಡಿರ್ತೀವಿ, ಅಷ್ಟರಲ್ಲಿ ಅವನು ಹೇಳೋ ಮಾತು ಕೆಳಗಡೆ ಬಂದು ಕೂತಿರತ್ತೆ. ಆ ಮೌನಕ್ಕೋಸ್ಕರಾನೇ ತಾನೇ ನಾವು ಇದನ್ನ ನೋಡೋದು?

ಆ್ಯಪ್ ತೆಗೆದು ಮತ್ತೆ ಹಾಕ್ದೆ, ಕ್ವಾಲಿಟಿ ಕಮ್ಮಿ ಮಾಡಿ ನೋಡ್ದೆ, ಕಸ್ಟಮರ್ ಕೇರ್‌ಗೆ ಬರೆದ್ರೆ 'ನಿಮ್ಮ ಇಂಟರ್ನೆಟ್ ಚೆಕ್ ಮಾಡಿ' ಅಂತ ಉತ್ತರ. ಸಬ್‌ಟೈಟಲ್ ಹಿಂದೆಮುಂದೆ ಮಾಡೋ ಸೆಟಿಂಗ್ ಆ ಆ್ಯಪಲ್ಲಿ ಇಲ್ವೇ ಇಲ್ಲ. ಕೊನೆಗೆ ಲ್ಯಾಪ್‌ಟಾಪಲ್ಲಿ ಬ್ರೌಸರ್‌ನಿಂದ ಹಾಕಿದ್ರೆ ಸರಿಯಾಗಿ ಬಂತು, ಹಂಗೇ ಮುಗಿಸ್ದೆ. ದುಡ್ಡು ಕಟ್ಟೋ ಮುಂಚೆ ಫ್ರೀ ಇರೋ ಎಪಿಸೋಡನ್ನ ನೀವು ನೋಡೋ ಮೊಬೈಲ್ ಅಥವಾ ಟೀವೀಲೇ ಹಾಕಿ ಪರೀಕ್ಷೆ ಮಾಡ್ಕೊಳಿ.

ಇನ್ನೊಂದು ಚಿಕ್ಕ ಕಷ್ಟ, ಚೈನೀಸಲ್ಲಿ ರಾಜಕುಮಾರರಿಗೆಲ್ಲ ಮುಂದೆ ಬೋಳಿಸಿದ ತಲೆ, ಹಿಂದೆ ಜಡೆ, ಶುರುವಲ್ಲಿ ಯಾರು ಯಾರು ಅಂತಾನೇ ಗೊತ್ತಾಗಲ್ಲ. ಸ್ವಲ್ಪ ತಡ್ಕೊಳಿ.

ಕ್ಯಾಮರಾ, ಬಟ್ಟೆ, ಹಾಡು ಎಲ್ಲದ್ರಲ್ಲೂ ಕೊರಿಯನ್ನೇ ಮುಂದೆ, ಅದರಲ್ಲಿ ನಾಲ್ಕನೆಯವನಾಗಿರೋ ಲೀ ಜೂನ್ ಗಿ ಮುಖದ ಗಾಯವನ್ನ ಹುಡುಗಿ ಮೇಕಪ್ಪಲ್ಲಿ ಮುಚ್ಚೋ ಸೀನ್ ಚೈನೀಸಲ್ಲಿ ಸಿಗಲ್ಲ. ಅದೇ 2011ರದ್ದೇ ಇನ್ನೊಂದು ಇದೆ, ನಟಿ ಯಾಂಗ್ ಮಿ ಇರೋ ಚೈನೀಸ್ ಸೀರಿಯಲ್ 'ಪ್ಯಾಲೆಸ್', ಅದೂ ಕಾಂಗ್‌ಷಿ ಕಾಲಕ್ಕೇ ಹೋಗೋ ಕಥೆ, ಹಗುರ, ತಮಾಷೆ ಜಾಸ್ತಿ, ನಂಗೆ ಹಿಡಿಸ್ಲಿಲ್ಲ.

ನಾನು ರಾತ್ರಿ ಊಟ ಆದ್ಮೇಲೆ ಒಂದೇ ಎಪಿಸೋಡ್ ನೋಡಿ ಮಲಗೋಳು, ಮುಕ್ಕಾಲು ಗಂಟೆಯ 35 ಎಪಿಸೋಡ್ ನಂಗೆ ಸರಿಹೋಗತ್ತೆ, ಪ್ಯಾಕ್ ಎರಡನೇ ತಿಂಗಳಿಗೂ ಹಾಕಿಸ್ಬೇಕಾಯ್ತು, ಬೇಜಾರಿಲ್ಲ. ಒಂದು ವೀಕೆಂಡಲ್ಲೇ ಮುಗಿಸ್ಬೇಕು ಅನ್ನೋರು 20 ಎಪಿಸೋಡಿನ ಕೊರಿಯನ್ ಹಾಕ್ಕೊಳಿ. ಎರಡೂ ನೋಡ್ತೀನಿ ಅನ್ನೋರು ಮಾತ್ರ ಚೈನೀಸ್ ಮೊದಲು ನೋಡಿ.