ದಪ್ಪ ಗೋಡೆಯ ಮನೆಗೆ ಮೆಶ್ ವೈಫೈ: ಆರು ತಿಂಗಳ ಬಳಕೆಯ ನಂತರ

ಕಲಬುರಗಿಯ ನಮ್ಮ ಹಳೆಯ ಮನೆಯ ಕಲ್ಲುಗೋಡೆಗಳು ಎರಡು ಅಡಿ ದಪ್ಪವಿರುವುದರಿಂದ ಪಡಸಾಲೆಯ ಒಂದೇ ರೌಟರ್‌ನ ಸಿಗ್ನಲ್ ಹಿಂದಿನ ಕೋಣೆಗೆ ತಲುಪುತ್ತಿರಲಿಲ್ಲ. ಸೂಪರ್ ಮಾರ್ಕೆಟ್ ಬಳಿಯ ಅಂಗಡಿಯೊಂದರಿಂದ ಸುಮಾರು 9,000 ರೂಪಾಯಿಗೆ ಮೂರು ಘಟಕಗಳ ಮೆಶ್ ವೈಫೈ, ಅಂದರೆ ಮನೆಯ ಬೇರೆ ಬೇರೆ ಕಡೆ ಇಟ್ಟ ಘಟಕಗಳು ಪರಸ್ಪರ ಜೋಡಿಕೊಂಡು ಒಂದೇ ಜಾಲವಾಗುವ ವ್ಯವಸ್ಥೆ, ತಂದೆ.

ಇದರ ವಿನ್ಯಾಸದ ಬೆಲೆ ತಿಳಿಯಬೇಕಾದರೆ ನಿಸರ್ಗವನ್ನು ನೋಡಬೇಕು. 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜಪಾನಿನ ಸಂಶೋಧಕರು ಟೋಕಿಯೊ ಸುತ್ತಲಿನ ಊರುಗಳ ನಕ್ಷೆಯಂತೆ ಓಟ್ಸ್ ಇಟ್ಟು, ಮಿದುಳೇ ಇಲ್ಲದ ಏಕಕೋಶ ಜೀವಿಯಾದ ಲೋಳೆಬೂಷ್ಟನ್ನು (ಸ್ಲೈಮ್ ಮೋಲ್ಡ್) ನಡುವೆ ಬಿಟ್ಟಾಗ, ಅದು ಹೆಣೆದ ಜಾಲವು ದಕ್ಷತೆಯಲ್ಲೂ ತಾಳಿಕೆಯಲ್ಲೂ ಅಲ್ಲಿನ ರೈಲುಮಾರ್ಗಗಳಿಗೆ ಸರಿಸಾಟಿಯಾಗಿತ್ತು. ಹರಿವು ಹೆಚ್ಚಿರುವ ನಾಳ ದಪ್ಪವಾಗುತ್ತದೆ, ಬಳಕೆಯಿಲ್ಲದ್ದು ಸೊರಗುತ್ತದೆ. ಆದರೂ ಕೆಲವು ಅಡ್ಡದಾರಿಗಳು ಉಳಿಯುತ್ತವೆ; ಒಂದು ದಾರಿ ಕಡಿದರೆ ಇನ್ನೊಂದು ಕೈಹಿಡಿಯುತ್ತದೆ. ಮೆಶ್ ವೈಫೈಯ ಉಪಾಯವೂ ಇದೇ. ನಮ್ಮ ರೈತರು ತೊಗರಿಯ ಸಾಲುಗಳ ನಡುವೆ ಹೆಸರುಕಾಳು ಬಿತ್ತುವುದರಲ್ಲಿಯೂ ಇದೇ ಎಚ್ಚರವಿದೆ.

ಪರೀಕ್ಷಿಸಲೆಂದು, ಮಗಳು ಹಿಂದಿನ ಕೋಣೆಯಲ್ಲಿ ವಿಡಿಯೊ ಪಾಠ ಕೇಳುತ್ತಿದ್ದಾಗ ನಡುಮನೆಯ ಘಟಕದ ಪ್ಲಗ್ ಕಿತ್ತೆ. ಚಿತ್ರ ಅರ್ಧ ನಿಮಿಷ ನಿಂತು, ಮೆಟ್ಟಿಲ ಬಳಿಯ ಘಟಕದ ಮೂಲಕ ತಾನಾಗಿಯೇ ಮುಂದುವರಿಯಿತು. ವೇಗ ತುಸು ತಗ್ಗಿತು, ಸಂಪರ್ಕ ಮಾತ್ರ ಕಡಿಯಲಿಲ್ಲ.

ಕೊರತೆಯೂ ಇದೆ. ಮೂರೂ ಘಟಕಗಳು ಹೊರಗಿನ ಒಂದೇ ಫೈಬರ್ ಕೇಬಲ್ ನೆಚ್ಚಿಕೊಂಡಿವೆ. ಮಳೆಗಾಲದಲ್ಲಿ ರಸ್ತೆ ಅಗೆದು ಅದು ತುಂಡಾದಾಗ ಮೂರರಲ್ಲೂ ಕೆಂಪು ದೀಪ ಹತ್ತಿ, ಎರಡು ದಿನ ಮನೆಯಿಡೀ ಇಂಟರ್ನೆಟ್ ಇರಲಿಲ್ಲ. ಕೇಬಲ್ ಕಡಿದಾಗ ಮೊಬೈಲ್ ಇಂಟರ್ನೆಟ್ ಬಳಸಲು ಸಿಮ್ ಹಾಕಬಹುದಾದ ಮಾದರಿಯನ್ನೇ ಕೊಳ್ಳಿರೆಂದು ನನ್ನ ಸಲಹೆ. ಎರಡು ಕೋಣೆಯ ಮನೆಗೆ ಇದರ ಅಗತ್ಯವೇ ಇಲ್ಲ.