ಬೀವರ್, ಡಾಲ್ಫಿನ್, ಬರ್ಚ್ ತೊಗಟೆ: ಮಕ್ಕಳಿಗೆ ಯಾವುದನ್ನು ಮೊದಲು ಓದಿ ಹೇಳೋದು?

ಕಾಡಲ್ಲೋ ದ್ವೀಪದಲ್ಲೋ ಬದುಕಿ ಉಳಿಯಬೇಕಾದ ಮಗು, ಆ ನೆಲವನ್ನು ತಲೆಮಾರುಗಳಿಂದ ಬಲ್ಲ ಜನ, ಅವರ ನಡುವೆ ಹುಟ್ಟುವ ಗೆಳೆತನ. ಇಂಥ ಹಳೇಕಾಲದ ಕಥೆ ಮಕ್ಕಳಿಗೆ ಬೇಕು ಅಂದರೆ ಅಮೆರಿಕದ ಮೂರು ಕಾದಂಬರಿಗಳ ಹೆಸರು ಪದೇಪದೇ ಕೇಳಿಬರುತ್ತದೆ. ಎಲಿಜಬೆತ್ ಜಾರ್ಜ್ ಸ್ಪಿಯರ್ ಅವರ ‘ದ ಸೈನ್ ಆಫ್ ದ ಬೀವರ್’ (1983), ಸ್ಕಾಟ್ ಓಡೆಲ್ ಅವರ ‘ಐಲ್ಯಾಂಡ್ ಆಫ್ ದ ಬ್ಲೂ ಡಾಲ್ಫಿನ್ಸ್’ (1960), ಲೂಯಿಸ್ ಅರ್ಡ್ರಿಕ್ ಅವರ ‘ದ ಬರ್ಚ್‌ಬಾರ್ಕ್ ಹೌಸ್’ (1999). ಮೂರನ್ನೂ ಮನೆಯಲ್ಲಿ ಹತ್ತು ವರ್ಷದ ಮಗಳಿಗೂ ಹನ್ನೆರಡರ ಅಣ್ಣನ ಮಗನಿಗೂ ರಾತ್ರಿ ಊಟ ಆದಮೇಲೆ ಓದಿದ್ದೇನೆ. ಇಂಗ್ಲಿಷಿನಲ್ಲಿ ಸ್ವಲ್ಪ ಓದೋದು, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳೋದು, ಹೀಗೆ.

ಮೊದಲಿಗೆ ಬೀವರ್‌ನಿಂದಲೇ ಶುರು ಮಾಡಿ ಅಂತ ನನ್ನ ಸಲಹೆ. ಆದರೆ ಅದೊಂದನ್ನೇ ಓದಿ ನಿಲ್ಲಿಸಬೇಡಿ. ಯಾಕೆ ಅಂತ ಹೇಳುತ್ತೇನೆ.

ಕಥೆ ನಡೆಯೋದು 1768ರಲ್ಲಿ, ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ಪ್ರಾಂತ್ಯದಲ್ಲಿ. ಅಪ್ಪ ಮತ್ತು ಮ್ಯಾಟ್ ಎಂಬ ಹುಡುಗ ಕಾಡಿನ ನಡುವೆ ಮರದ ದಿಮ್ಮಿಯ ಮನೆ ಕಟ್ಟಿದ್ದಾರೆ. ಅಮ್ಮ, ತಂಗಿಯನ್ನು ಕರೆತರಲು ಅಪ್ಪ ಮ್ಯಾಸಚೂಸೆಟ್ಸ್‌ಗೆ ಹೊರಡುತ್ತಾನೆ. ದಿನಕ್ಕೊಂದು ಗೀರು ಕೊರೆದು ಏಳು ಕಡ್ಡಿ ತುಂಬಿಸು, ಅಷ್ಟರಲ್ಲಿ ಬಂದುಬಿಡುತ್ತೇನೆ ಅಂತ ಹೇಳಿ ಹೋಗುತ್ತಾನೆ. ಆಮೇಲೆ ಒಂದರ ಹಿಂದೆ ಒಂದು ಕಷ್ಟ. ದಾರಿಹೋಕನೊಬ್ಬ ಬಂದೂಕು ಕದ್ದು ಓಡುತ್ತಾನೆ. ಕರಡಿ ಒಳಗೆ ನುಗ್ಗಿ ಹಿಟ್ಟು, ಜೋನಿಬೆಲ್ಲ ಎಲ್ಲ ಚೆಲ್ಲಾಪಿಲ್ಲಿ ಮಾಡುತ್ತದೆ. ಸಿಹಿಯ ಆಸೆಗೆ ಜೇನುಮರ ಹತ್ತಿದ ಮ್ಯಾಟ್‌ನನ್ನು ಹುಳುಗಳು ಮುತ್ತಿಕೊಳ್ಳುತ್ತವೆ. ಆಗ ಅವನನ್ನು ಕಾಪಾಡುವುದು ಪೆನಾಬ್‌ಸ್ಕಾಟ್ ಮೂಲ ನಿವಾಸಿಗಳಲ್ಲಿ ಬೀವರ್ (ಹೊಳೆಗೆ ಅಡ್ಡಕಟ್ಟೆ ಕಟ್ಟುವ ಪ್ರಾಣಿ) ಹೆಸರಿನ ಕುಲದ ಹಿರಿಯ ಸಕ್ನಿಸ್ ಮತ್ತು ಅವನ ಮೊಮ್ಮಗ ಅಟಿಯನ್.

ಇಲ್ಲಿಂದ ಮುಂದೆ ಕಥೆ ಎದ್ದು ನಿಲ್ಲುತ್ತದೆ. ಸಕ್ನಿಸ್ ಒಂದು ಒಪ್ಪಂದ ಮಾಡುತ್ತಾನೆ. ನಾವು ನಿನಗೆ ಊಟ ತರುತ್ತೇವೆ, ನೀನು ನನ್ನ ಮೊಮ್ಮಗನಿಗೆ ಓದು ಕಲಿಸು ಅಂತ. ಕಾರಣ ನೇರ: ಬಿಳಿಯರ ಕಾಗದದಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಗುರುತು ಹಾಕಿ ಅವನ ಜನ ನೆಲ ಕಳೆದುಕೊಂಡಿದ್ದಾರೆ. ಮ್ಯಾಟ್ ಹತ್ತಿರ ಇರುವ ಪುಸ್ತಕ ಎರಡೇ, ಬೈಬಲ್ ಮತ್ತು ‘ರಾಬಿನ್ಸನ್ ಕ್ರೂಸೋ’. ದ್ವೀಪದಲ್ಲಿ ಸಿಕ್ಕಿಬಿದ್ದ ಬಿಳಿಯ ಕ್ರೂಸೋನ ಕಾಲಿಗೆ, ಅವನು ಕಾಪಾಡಿದ ಮೂಲ ನಿವಾಸಿ ಫ್ರೈಡೇ ಬೀಳುವ ಭಾಗ ಓದುತ್ತಿದ್ದ ಹಾಗೇ ಅಟಿಯನ್ ಸಿಟ್ಟಾಗಿ ಎದ್ದುಬಿಡುತ್ತಾನೆ. ಗುಲಾಮನಾಗೋದಕ್ಕಿಂತ ಸಾಯೋದು ಮೇಲು ಅನ್ನೋದು ಅವನ ಮಾತು. ಆಮೇಲೆ ಮ್ಯಾಟ್ ಅಂಥ ಸಾಲುಗಳನ್ನು ಹಾರಿಸಿ ಓದಲು ಶುರು ಮಾಡುತ್ತಾನೆ. ಗೆಳೆಯನ ಕಣ್ಣಿಂದ ತನ್ನ ಪುಸ್ತಕವನ್ನು ನೋಡಲು ಕಲಿತ ಕ್ಷಣ ಅದು. ಮೂರೂ ಪುಸ್ತಕಗಳಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಜಾಗ ಇನ್ನೊಂದಿಲ್ಲ.

ಕಾಡಿನ ವಿದ್ಯೆಯೂ ಇದರಲ್ಲಿ ಚೆನ್ನಾಗಿ ಬಂದಿದೆ. ಸ್ಪ್ರೂಸ್ ಮರದ ಬೇರು ಕಿತ್ತು ಮೊಲಕ್ಕೆ ಉರುಲು ಹಾಕೋದು, ಲೋಹದ ಗಾಳ ಕಳೆದುಹೋದಾಗ ಮರದ ಚೂರನ್ನೇ ಚೂಪು ಮಾಡಿ ಗಾಳ ಮಾಡೋದು. ಮರಿಯ ಜೊತೆಗಿದ್ದ ತಾಯಿ ಕರಡಿ ಎದುರಾದಾಗ ಮ್ಯಾಟ್ ಕೈಯಲ್ಲಿದ್ದ ಸತ್ತ ಮೊಲವನ್ನೇ ಅದರ ಮೂತಿಗೆ ಎಸೆಯುತ್ತಾನೆ. ಆ ಒಂದು ಗಳಿಗೆಯಲ್ಲಿ ಅಟಿಯನ್ ಬಾಣ ಬಿಡುತ್ತಾನೆ. ಕೊಂದಾದ ಮೇಲೆ ಕರಡಿಯ ಹತ್ತಿರ ನಿಂತು ಕ್ಷಮೆ ಕೇಳುತ್ತಾನೆ. ಮಗಳು ಆ ಪುಟವನ್ನು ಇನ್ನೊಂದು ಸಲ ಓದಿಸಿಕೊಂಡಳು.

ಕೊರತೆಯೂ ಇದೆ, ಸಣ್ಣದಲ್ಲ. ಸ್ಪಿಯರ್ ಅಟಿಯನ್‌ಗೆ ಮುರುಕು ಇಂಗ್ಲಿಷ್ ಕೊಟ್ಟಿದ್ದಾರೆ. ಅವನು ಮನೆಯವರ ಜೊತೆ ತನ್ನ ಭಾಷೆಯಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದ ಅನ್ನೋದು ಓದುವವರ ಕಿವಿಗೆ ಬೀಳೋದೇ ಇಲ್ಲ. ನಾನು ಕನ್ನಡದಲ್ಲಿ ಹೇಳುವಾಗ ಅವನಿಗೆ ತುಂಬು ಮಾತು ಕೊಟ್ಟೆ, ನೀವೂ ಹಾಗೇ ಮಾಡಿ. ಅದಕ್ಕಿಂತ ದೊಡ್ಡ ತೊಂದರೆ ಕೊನೆಯದು. ಬಿಳಿಯರು ಜಾಸ್ತಿಯಾಗುತ್ತಿದ್ದಾರೆ ಅಂತ ಬೀವರ್ ಕುಲದವರು ಆ ಜಾಗ ಬಿಟ್ಟು ಹೊರಟುಹೋಗುತ್ತಾರೆ. ಮ್ಯಾಟ್‌ನ ಮನೆಯವರು ಬಂದು ಸೇರುತ್ತಾರೆ, ಕಥೆ ಮುಗಿಯುತ್ತದೆ. ಮೂಲ ನಿವಾಸಿಗಳು ಎದ್ದುಹೋದರು, ಜಾಗ ಖಾಲಿಯಾಯಿತು ಅನ್ನುವ ಚಿತ್ರ ಮಗುವಿನ ತಲೆಯಲ್ಲಿ ಉಳಿದುಬಿಡುತ್ತದೆ. ಅದು ನಿಜವಲ್ಲ. ಮೇಯ್ನ್‌ನ ಪೆನಾಬ್‌ಸ್ಕಾಟ್ ಜನ ಇವತ್ತಿಗೂ ಪೆನಾಬ್‌ಸ್ಕಾಟ್ ನದಿಯ ಇಂಡಿಯನ್ ಐಲ್ಯಾಂಡ್‌ನಲ್ಲಿ ಇದ್ದಾರೆ. 1980ರಲ್ಲಿ ನೆಲದ ಹಕ್ಕಿನ ಬಗ್ಗೆ ಅಮೆರಿಕ ಸರ್ಕಾರದ ಜೊತೆ ಇತ್ಯರ್ಥಕ್ಕೂ ಬಂದರು.

ಅಟಿಯನ್‌ನ ತಾಯಿಯನ್ನು ಬಿಳಿಯರು ನೆತ್ತಿಯ ಚರ್ಮದ ಇನಾಮಿಗಾಗಿ ಕೊಂದರು ಅಂತ ಕಾದಂಬರಿಯಲ್ಲಿ ಒಂದು ಮಾತು ಬರುತ್ತದೆ. “ಅತ್ತೆ, ಇದು ಸುಮ್ನೆ ಕಥೆಗೆ ಹಾಕಿದ್ದು ಅಲ್ವಾ?” ಅಂತ ಅಣ್ಣನ ಮಗ ಕೇಳಿದ. ಅಲ್ಲ ಅಂತ ಹೇಳಬೇಕಾಯಿತು. 1755ರ ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಲೆಫ್ಟಿನೆಂಟ್ ಗವರ್ನರ್ ಸ್ಪೆನ್ಸರ್ ಫಿಪ್ಸ್ ಪೆನಾಬ್‌ಸ್ಕಾಟ್ ಜನರ ಮೇಲೆ ಇಂಥ ಇನಾಮನ್ನು ಸಾರಿದ್ದ. ಹನ್ನೆರಡು ದಾಟಿದ ಗಂಡಸಿನ ನೆತ್ತಿಗೆ 40 ಪೌಂಡ್, ಹೆಂಗಸರು ಮತ್ತು ಅದಕ್ಕಿಂತ ಚಿಕ್ಕ ಮಕ್ಕಳದ್ದಕ್ಕೆ 20. ಹುಡುಗ ಕೇಳಿ ಸುಮ್ಮನಾದ. ಅವನ ವಯಸ್ಸೂ ಹನ್ನೆರಡೇ. ಇಂಥದ್ದು ಬಂದಾಗ ಮಕ್ಕಳ ಪಕ್ಕದಲ್ಲಿ ದೊಡ್ಡವರು ಯಾರಾದರೂ ಇರಬೇಕು.

ಇನ್ನು ಡಾಲ್ಫಿನ್. ಬದುಕಿ ಉಳಿಯುವ ಕಥೆಯಾಗಿ ನೋಡಿದರೆ ಮೂರರಲ್ಲಿ ಇದಕ್ಕೇ ಮೊದಲ ಸ್ಥಾನ. ಕ್ಯಾಲಿಫೋರ್ನಿಯಾ ಕರಾವಳಿಯಾಚೆಯ ಸ್ಯಾನ್ ನಿಕೊಲಾಸ್ ದ್ವೀಪದಲ್ಲಿ 1835ರಿಂದ 1853ರವರೆಗೆ, 18 ವರ್ಷ, ಒಬ್ಬ ಹೆಂಗಸು ನಿಜವಾಗಿ ಒಂಟಿಯಾಗಿದ್ದಳು. ಅವಳನ್ನು ಸಾಂಟಾ ಬಾರ್ಬರಾಗೆ ಕರೆತಂದರು, ಏಳು ವಾರಕ್ಕೆ ತೀರಿಕೊಂಡಳು. ಹ್ವಾನಾ ಮರಿಯಾ ಅನ್ನುವ ಹೆಸರು ಅವಳಿಗೆ ಚರ್ಚಿನವರು ಇಟ್ಟದ್ದು. ಓಡೆಲ್ ಅವಳನ್ನು ಕರಾನಾ ಎಂಬ ಹುಡುಗಿಯಾಗಿ ಬರೆದಿದ್ದಾರೆ. ತಿಮಿಂಗಿಲದ ಪಕ್ಕೆಲುಬು ನೆಟ್ಟು ಬೇಲಿ ಕಟ್ಟುತ್ತಾಳೆ. ಎಣ್ಣೆ ಜಾಸ್ತಿ ಇರುವ ಸಣ್ಣ ಮೀನನ್ನು ಒಣಗಿಸಿ ದೀಪದ ಹಾಗೆ ಉರಿಸುತ್ತಾಳೆ. ಹೆಂಗಸರು ಆಯುಧ ಮಾಡಬಾರದು ಅನ್ನುವ ಕಟ್ಟಳೆಯಲ್ಲಿ ಬೆಳೆದವಳು, ಹೆದರುತ್ತಲೇ ಬಿಲ್ಲು ಬಾಣ ಮಾಡಿಕೊಳ್ಳುತ್ತಾಳೆ.

ಗೆಳೆತನದ ಭಾಗ ಮಾತ್ರ ಚಿಕ್ಕದು. ಅವಳ ಅಪ್ಪನನ್ನು ಕೊಂದ, ಅಲಾಸ್ಕಾ ಕಡೆಯ ಅಲ್ಯೂಟ್ ಬೇಟೆಗಾರರು ಕಡಲ ನೀರುನಾಯಿಗಾಗಿ ಮತ್ತೆ ಬರುತ್ತಾರೆ. ಜೊತೆಯಲ್ಲಿ ಟುಟೋಕ್ ಎಂಬ ಹುಡುಗಿ. ಕರಾನಾ ಅವಳನ್ನು ಮೊದಲು ಕಂಡಾಗ ಈಟಿಗೆ ಕೈ ಹಾಕುತ್ತಾಳೆ. ಭಾಷೆ ಬರುವುದಿಲ್ಲ, ನಂಬಿಕೆಯೂ ಇಲ್ಲ. ಟುಟೋಕ್ ಕಪ್ಪು ಕಲ್ಲಿನ ಸರ ಕೊಡುತ್ತಾಳೆ. ಕೆಲವು ದಿನಗಳಲ್ಲಿ ಕರಾನಾ ಯಾರಿಗೂ ಹೇಳಬಾರದ ತನ್ನ ಗುಟ್ಟಿನ ಹೆಸರನ್ನೇ ಅವಳಿಗೆ ಹೇಳಿಬಿಡುತ್ತಾಳೆ. ಹಡಗು ಹೊರಟುಹೋಗುತ್ತದೆ, ಗೆಳೆತನ ಅಲ್ಲಿಗೆ ಮುಗಿಯಿತು. ಇಷ್ಟು ಕಡಿಮೆ ಪುಟಗಳಲ್ಲಿ ಇಷ್ಟು ತಟ್ಟುವಂತೆ ಬರೆದದ್ದನ್ನು ಮಕ್ಕಳ ಪುಸ್ತಕಗಳಲ್ಲಿ ನಾನು ಹೆಚ್ಚು ಕಂಡಿಲ್ಲ. ಆದರೆ ಪುಸ್ತಕದ ತುಂಬ ಒಂಟಿತನವೇ ಇರುವುದರಿಂದ, ತಮ್ಮನನ್ನು ಕಾಡುನಾಯಿಗಳು ಕೊಲ್ಲುವ ಭಾಗವೂ ಬೇಗ ಬರುವುದರಿಂದ, ಹನ್ನೊಂದು ಹನ್ನೆರಡಾಗುವವರೆಗೆ ಕಾಯೋದು ಒಳ್ಳೆಯದು.

ಬರ್ಚ್‌ಬಾರ್ಕ್ ಹೌಸ್ ಬೇರೆಯೇ ತರಹದ್ದು. ಅರ್ಡ್ರಿಕ್ ಸ್ವತಃ ಉತ್ತರ ಅಮೆರಿಕದ ಮೂಲ ನಿವಾಸಿಗಳಾದ ಒಜಿಬ್ವೆ ಜನಾಂಗದವರು. 1847, ಲೇಕ್ ಸುಪೀರಿಯರ್‌ನ ಒಂದು ದ್ವೀಪ, ಏಳು ವರ್ಷದ ಒಮಾಕೇಯಸ್. ಇಲ್ಲಿ ಹೊರಗಿಂದ ಬರುವವರು ಬಿಳಿಯರು, ಮನೆ ಒಜಿಬ್ವೆಗಳದ್ದು. ಬೇಸಿಗೆಗೆ ಬರ್ಚ್ ತೊಗಟೆಯ ಮನೆ ಕಟ್ಟುತ್ತಾರೆ, ಕಾಡುಭತ್ತ ಕೊಯ್ಯುತ್ತಾರೆ, ಮೇಪಲ್ ರಸ ಕಾಯಿಸಿ ಸಕ್ಕರೆ ಮಾಡುತ್ತಾರೆ. ಅಜ್ಜಿ ಇದ್ದಾಳೆ, ಕಾಟ ಕೊಡುವ ತಮ್ಮ ಇದ್ದಾನೆ, ತೊಗಲು ಹೆರೆಯೋದು ಅಂದರೆ ಮುಖ ಸಿಂಡರಿಸುವ ಹುಡುಗಿ ಇದ್ದಾಳೆ. ನನ್ನ ಮಗಳಿಗೆ ಇದು ತನ್ನ ಮನೆಯಷ್ಟೇ ಪರಿಚಿತ ಅನ್ನಿಸಿತು. ಚಳಿಗಾಲದಲ್ಲಿ ಸಿಡುಬು ಬರುತ್ತದೆ, ಪುಟ್ಟ ತಮ್ಮ ನೀವೋ ಸಾಯುತ್ತಾನೆ. “ಅಮ್ಮಾ, ಇವತ್ತಿಗೆ ಸಾಕು” ಅಂದಳು ಮಗಳು. ಅಲ್ಲಿಗೇ ನಿಲ್ಲಿಸಿದೆವು.

ಬೇರೆ ಜನಾಂಗದವರ ಜೊತೆಗಿನ ಗೆಳೆತನ ಇದರಲ್ಲಿ ಕಡಿಮೆ, ಸಾಹಸವೂ ಕಡಿಮೆ. ಅಣ್ಣನ ಮಗನಿಗೆ ಮೊದಲರ್ಧ ನಿಧಾನ ಅನ್ನಿಸಿತು. ಆದರೆ ಒಂದು ಜಾಗದಲ್ಲಿ ಅವನೇ ನೆಟ್ಟಗೆ ಕೂತ. ಫಿಶ್‌ಟೇಲ್ ಎಂಬ ಒಜಿಬ್ವೆ ಯುವಕ ಪಾದ್ರಿಗಳ ಶಾಲೆಗೆ ಓದು ಕಲಿಯಲು ಹೋಗುತ್ತಾನೆ, ಒಪ್ಪಂದದ ಕಾಗದಗಳನ್ನು ತಾವೇ ಓದಿಕೊಳ್ಳಬೇಕು ಅಂತ. “ಅತ್ತೆ, ಸಕ್ನಿಸ್ ಹೇಳಿದ್ದೂ ಇದೇ ತಾನೆ?” ಅಂದ. ಹೌದು, ಇದೇ. ಅದಕ್ಕೇ ಬೀವರ್ ಮುಗಿದ ಕೂಡಲೇ ಇದನ್ನು ತೆಗೆಯಿರಿ ಅನ್ನುತ್ತೇನೆ. ಅಲ್ಲಿ ಕಾಡೊಳಗೆ ಮರೆಯಾದ ಜನರಂಥವರೇ ಇಲ್ಲಿ ಒಲೆ ಮುಂದೆ ಕೂತು ಕಥೆ ಹೇಳುತ್ತಾರೆ, ಜಗಳ ಆಡುತ್ತಾರೆ, ನಗುತ್ತಾರೆ.

ಮೂರನ್ನೂ ಸೇರಿಸುವ ಒಂದು ಸಂಗತಿ ಹೇಳಲೇಬೇಕು. ಓಡೆಲ್ ಮಕ್ಕಳ ಚಾರಿತ್ರಿಕ ಕಾದಂಬರಿಗಳಿಗಾಗಿ ಒಂದು ಪ್ರಶಸ್ತಿ ಶುರು ಮಾಡಿದರು. 1984ರಲ್ಲಿ ಅದು ಮೊದಲ ಸಲ ಸಿಕ್ಕಿದ್ದು ಬೀವರ್‌ಗೆ. 2006ರಲ್ಲಿ ಸಿಕ್ಕಿದ್ದು ಒಮಾಕೇಯಸ್ ಕಥೆಯ ಮುಂದಿನ ಭಾಗ ‘ದ ಗೇಮ್ ಆಫ್ ಸೈಲೆನ್ಸ್’ಗೆ. ಒಜಿಬ್ವೆಗಳನ್ನು ಅವರ ದ್ವೀಪದಿಂದ ಎಬ್ಬಿಸಲು ಸರ್ಕಾರ ಹೊರಟಾಗ ಏನಾಯಿತು ಅನ್ನೋದು ಅದರಲ್ಲಿದೆ. ನಮ್ಮ ಮನೆಯಲ್ಲಿ ಈಗ ಓದುತ್ತಿರೋದು ಅದನ್ನೇ, ಡಾಲ್ಫಿನ್ ಅನ್ನು ಮಗಳು ಮುಂದಿನ ವರ್ಷ ತಾನೇ ಇನ್ನೊಮ್ಮೆ ಓದಿಕೊಳ್ಳುತ್ತಾಳಂತೆ.