ಅಪೀಲು ಹಾಕಿದ್ದೇವೆ ಅಂತ ನಂಬಿ ಕೂರಬೇಡಿ: ಹದಿನೆಂಟು ಗುಂಟೆ ಕಳೆದುಕೊಂಡ ನಮ್ಮ ಅನುಭವ

2024ರ ಜನವರಿಯಲ್ಲಿ ಒಂದು ಬೆಳಿಗ್ಗೆ ಕೋರ್ಟಿನ ಅಮೀನರು, ಸರ್ವೆಯರು ಮತ್ತು ಇಬ್ಬರು ಪೊಲೀಸರು ನಮ್ಮ ಹೊಲಕ್ಕೆ ಬಂದರು. ಸರ್ವೆಯರು ಅಳತೆ ಮಾಡಿದರು. ಹಿಂದೆಯೇ ಒಬ್ಬ ಹುಡುಗ ಸುಣ್ಣದ ಪುಡಿ ಉದುರಿಸುತ್ತಾ ಗೆರೆ ಹಾಕಿದ. ಆ ಗೆರೆ ಅಪ್ಪ ನೆಟ್ಟ ಮೂರು ತೆಂಗಿನ ಮರಗಳ ಈಚೆಗೆ ಬಂತು. ಅಂದರೆ ಮರಗಳು ಆ ಕಡೆಯವರ ಪಾಲು.

ನಾನು ಓಡಿ ಹೋಗಿ, "ಸಾರ್, ಧಾರವಾಡ ಹೈಕೋರ್ಟಿನಲ್ಲಿ ಅಪೀಲು ಹಾಕಿದ್ದೇವೆ, ಕೇಸ್ ನಡೀತಾ ಇದೆ" ಅಂದೆ. ಅಮೀನರು ಸಿಟ್ಟಾಗಲಿಲ್ಲ. ಒಂದೇ ಮಾತು ಕೇಳಿದರು: "ಸ್ಟೇ ಆರ್ಡರ್ ಇದೆಯಾ?"

ಇರಲಿಲ್ಲ. ಕೇಸ್ ಕೂಡ ನಡೆಯುತ್ತಿರಲಿಲ್ಲ. ಐದು ತಿಂಗಳ ಹಿಂದೆಯೇ ವಜಾ ಆಗಿತ್ತು. ನಮಗೆ ಗೊತ್ತೇ ಇರಲಿಲ್ಲ.

ನಮ್ಮದು ಹಾವೇರಿ ಜಿಲ್ಲೆ. ಪಕ್ಕದ ಹೊಲದವರು ಹದಿನೆಂಟು ಗುಂಟೆ ಒತ್ತುವರಿ ಆಗಿದೆ ಅಂತ ದಾವಾ ಹಾಕಿದ್ದರು. ಸಿವಿಲ್ ಕೋರ್ಟಿನಲ್ಲಿ ಅವರ ಕಡೆ ಡಿಕ್ರಿ, ಅಂದರೆ ತೀರ್ಪಿನ ಆದೇಶ, ಆಯಿತು. ಮೊದಲ ಅಪೀಲೂ 2022ರ ಜೂನ್ 10ರಂದು ವಜಾ ಆಯಿತು. ಉಳಿದದ್ದು ಹೈಕೋರ್ಟಿನ ಎರಡನೇ ಅಪೀಲು. ಅದನ್ನು ಕೋರ್ಟಿನವರು ಆರ್‌ಎಸ್‌ಎ ಅನ್ನುತ್ತಾರೆ. ಅದಕ್ಕಾಗಿ ಒಬ್ಬ ವಕೀಲರನ್ನು ಹಿಡಿದೆವು. ಅವರ ಹೆಸರು ಬೇಡ. ಮೂರು ಸಲಕ್ಕೆ 60,000 ರೂಪಾಯಿ ಕೊಟ್ಟೆವು, ಒಂದು ರಸೀದಿಯೂ ಇಲ್ಲ. "ಅಪೀಲು ಹಾಕ್ತೀನಿ, ಸ್ಟೇ ಆಗುತ್ತೆ, ನೀವು ನೆಮ್ಮದಿಯಾಗಿರಿ" ಅಂದರು. ನಾವು ಹಾಗೇ ಇದ್ದೆವು.

ಮೊದಲು ಎಡವಿದ್ದು ತೀರ್ಪಿನ ನಕಲು ತೆಗೆಸುವುದರಲ್ಲಿ. ಹೈಕೋರ್ಟಿಗೆ ಸಿವಿಲ್ ಅಪೀಲು ಹಾಕಲು ತೀರ್ಪಿನ ದಿನದಿಂದ 90 ದಿನ ಸಮಯ. ತೀರ್ಪಿನ ಸರ್ಟಿಫೈಡ್ ಕಾಪಿಗೆ, ಅಂದರೆ ಕೋರ್ಟು ದೃಢೀಕರಿಸಿ ಕೊಡುವ ನಕಲಿಗೆ, ಅರ್ಜಿ ಹಾಕಿದ ಮೇಲೆ ಅದು ಸಿದ್ಧವಾಗಲು ಹಿಡಿದ ದಿನಗಳನ್ನು ಆ 90ರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಅರ್ಜಿ ಹಾಕದೆ ಸುಮ್ನೆ ಕೂತ ದಿನಗಳು ಮಾತ್ರ ಪೂರ್ತಿ ನಮ್ಮ ತಲೆ ಮೇಲೆ. ನಮ್ಮ ಕಾಪಿಯ ಹಿಂಬದಿಯಲ್ಲಿ ಒಂದು ಸೀಲು ಇದೆ. ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ, ಎಲ್ಲಾ ಅದರಲ್ಲಿ ಬರೆದಿರುತ್ತಾರೆ. ನಮ್ಮದರಲ್ಲಿ ಅರ್ಜಿ ಸೆಪ್ಟೆಂಬರ್ 2, ಸಿದ್ಧವಾದದ್ದು ಸೆಪ್ಟೆಂಬರ್ 14. ಅಂದರೆ 90 ದಿನ ಮುಗಿಯಲು ಆರು ದಿನ ಇದ್ದಾಗ ನಕಲಿಗೆ ಅರ್ಜಿ ಹೋಗಿದೆ. ಆಗಲೂ ತಡವಾಗಿರಲಿಲ್ಲ. ನಕಲಿಗೆ ಹಿಡಿದ 13 ದಿನ (2ರಿಂದ 14ರವರೆಗೆ) ಸೇರಿಸಿದರೆ ಸೆಪ್ಟೆಂಬರ್ 21ರವರೆಗೆ ಸಮಯ ಇತ್ತು. ಅಪೀಲು ಹೋಗಿದ್ದು 2023ರ ಮಾರ್ಚ್ 20ಕ್ಕೆ. 180 ದಿನ ತಡ.

ಆರು ತಿಂಗಳು ಆ ಕಾಪಿ ಒಂದು ಫೈಲಿನಲ್ಲಿ ಮಲಗಿತ್ತು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ತಡವಾದರೆ ಮನ್ನಾ ಕೇಳಿ ಅರ್ಜಿ ಹಾಕಬಹುದು. ತಕ್ಕ ಕಾರಣ ತೋರಿಸಿದರೆ ಕೋರ್ಟು ಒಪ್ಪುತ್ತದೆ. ಆದರೆ ನಮಗೆ ಯಾರೂ ಹೇಳದ ಒಂದು ವಿಷಯ ಇಲ್ಲಿದೆ, ದಯವಿಟ್ಟು ಗಮನವಿಟ್ಟು ಓದಿ. ತಡವಾಗಿ ಹಾಕಿದ ಅಪೀಲಿನಲ್ಲಿ, ಕೋರ್ಟು ತಡವನ್ನು ಮನ್ನಿಸಿ ಅಪೀಲು ಕೇಳುತ್ತೇನೆ ಎಂದು ತೀರ್ಮಾನಿಸುವವರೆಗೆ ಡಿಕ್ರಿಗೆ ಸ್ಟೇ ಕೊಡುವ ಹಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 3ಎ ನಿಯಮದಲ್ಲಿ ಇದು ಇದೆ. ಅದೇ ಆದೇಶದ 5ನೇ ನಿಯಮ ಇನ್ನೊಂದು ಮಾತು ಹೇಳುತ್ತದೆ: ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ಎರಡನ್ನೂ ಸೇರಿಸಿ ನೋಡಿ. ನಮ್ಮ ಅಪೀಲು ಒಳಗೆ ಹೋದ ದಿನವೇ ಸ್ಟೇ ಬಾಗಿಲು ಮುಚ್ಚಿತ್ತು. ಎದುರಿನವರು ಕೆಳಗಿನ ಕೋರ್ಟಿನಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿ ಜಾರಿ ಮಾಡಿಸಿ ಅಂತ ಅರ್ಜಿ, ಹಾಕಿಕೊಂಡು ಮುಂದೆ ಹೋದರು. ಡಿಕ್ರಿಯಾಗಿ ಎರಡು ವರ್ಷದೊಳಗೆ ಅಮಲ್ಜಾರಿ ಕೇಳಿದರೆ ಮೊದಲು ನೋಟಿಸ್ ಕೊಡಲೇಬೇಕು ಅಂತಿಲ್ಲ. ಹಾಗಾಗಿ ನಮಗೆ ಸುಳಿವೇ ಸಿಗಲಿಲ್ಲ.

ಇನ್ನು ಆ ಮನ್ನಾ ಅರ್ಜಿಯ ಅಫಿಡವಿಟ್ (ಪ್ರಮಾಣ ಮಾಡಿ ಕೊಡುವ ಹೇಳಿಕೆ) ವಿಷಯ. ವಕೀಲರ ಆಫೀಸಿನಲ್ಲಿ ನಾನು ನಾಲ್ಕೈದು ಹಾಳೆಗೆ ಸಹಿ ಮಾಡಿದ್ದೆ. ಎರಡು ಪೂರ್ತಿ ಖಾಲಿ. "ಟೈಪ್ ಆಮೇಲೆ ಮಾಡಿಸ್ತೀವಿ, ನೀವು ಮತ್ತೆ ಅಷ್ಟು ದೂರದಿಂದ ಬರೋದು ಬೇಡ" ಅಂದರು. ಒಳ್ಳೆಯವರು, ನಮ್ಮ ಬಸ್ ಚಾರ್ಜ್ ಉಳಿಸುತ್ತಿದ್ದಾರೆ ಅಂದುಕೊಂಡೆ. ಮುಂದೆ ಹೊಸ ವಕೀಲರು ಫೈಲಿನ ನಕಲು ತೆಗೆಸಿದಾಗ ಆ ಹಾಳೆ ಓದಿದೆ. ಇಂಗ್ಲಿಷಿನಲ್ಲಿತ್ತು, ಅವರೇ ಅರ್ಥ ಹೇಳಿದರು. "ನನಗೆ ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದೆ, ಆದ್ದರಿಂದ ವಕೀಲರನ್ನು ಕಾಣಲು ಆಗಲಿಲ್ಲ" ಅಂತ ಬರೆದಿದೆ. ಕೆಳಗೆ ನನ್ನ ಸಹಿ. ನನಗೆ ಜನ್ಮದಲ್ಲಿ ಕಾಮಾಲೆ ಬಂದಿಲ್ಲ. ಆ ಆರು ತಿಂಗಳಲ್ಲಿ ನಾನು ಅದೇ ಆಫೀಸಿಗೆ ಏಳು ಸಲ ಹೋಗಿದ್ದೆ.

ಪ್ರಮಾಣ ಮಾಡಿ ಸುಳ್ಳು ಹೇಳಿದ ಹಾಗಾಯಿತು ಅಲ್ವಾ? ತೊಂದರೆಗೆ ಸಿಕ್ಕುವುದು ಸಹಿ ಮಾಡಿದವರು, ಟೈಪ್ ಮಾಡಿದವರಲ್ಲ. ಖಾಲಿ ಹಾಳೆಗೆ ಸಹಿ ಮಾಡಬೇಡಿ. ಅರ್ಥವಾಗದ ಭಾಷೆಯಲ್ಲಿದ್ದರೆ ಓದಿ ಹೇಳಿಸಿಕೊಂಡು, ಪ್ರತಿ ಹಾಳೆಯ ಫೋಟೋ ತೆಗೆದುಕೊಂಡು ಆಮೇಲೆ ಸಹಿ ಮಾಡಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಅಪೀಲು ವಜಾ ಆಗಿದ್ದು ಹೇಗೆ ಅಂದರೆ, ಯಾವ ನ್ಯಾಯಮೂರ್ತಿಯೂ ನಮ್ಮ ತೀರ್ಪು ಸರಿಯೋ ತಪ್ಪೋ ನೋಡಿ ವಜಾ ಮಾಡಿದ್ದಲ್ಲ. ಅಪೀಲು ಹಾಕಿದಾಗ ಆಫೀಸಿನವರು ಪರಿಶೀಲಿಸಿ ಆಕ್ಷೇಪಣೆ ಹಾಕುತ್ತಾರೆ. ಕೋರ್ಟ್ ಫೀ ಕಡಿಮೆ ಇದೆ, ಇಂಥ ಪುಟ ಓದಲು ಆಗುತ್ತಿಲ್ಲ, ಇಂಥ ದಾಖಲೆ ಇಲ್ಲ ಅಂತ. ಸರಿಪಡಿಸಿದರೆ ಮುಗಿಯಿತು. ನಮ್ಮದರಲ್ಲಿ ಮೂರು ಆಕ್ಷೇಪಣೆ ಇತ್ತು, ಒಂದು ದಿನದ ಕೆಲಸ. ಕೋರ್ಟು ಎರಡು ಸಲ ಸಮಯ ಕೊಟ್ಟಿತು. ಆಮೇಲೆ ಕೊನೆಯ ಅವಕಾಶ ಎಂದು ಹೇಳಿ, ಆ ಅವಧಿಯಲ್ಲಿ ಸರಿಪಡಿಸದಿದ್ದರೆ ಅಪೀಲು ತಾನಾಗಿಯೇ ವಜಾ ಎಂದು ಆದೇಶಿಸಿತು. 2023ರ ಆಗಸ್ಟ್‌ನಲ್ಲಿ ಹಾಗೇ ವಜಾ ಆಯಿತು. ಅದಾದ ಮೇಲೂ ನಾನು ಫೋನ್ ಮಾಡಿದಾಗಲೆಲ್ಲ ವಕೀಲರು "ಇನ್ನೂ ಬೆಂಚಿಗೆ ಬಂದಿಲ್ಲ" ಅನ್ನುತ್ತಿದ್ದರು.

ಇದೆಲ್ಲಾ ಹೈಕೋರ್ಟಿನ ವೆಬ್‌ಸೈಟಿನಲ್ಲಿ ಇತ್ತು. ನಮ್ಮ ಕೈಯಲ್ಲಿ ಕೇಸ್ ನಂಬರ್ ಕೂಡ ಇತ್ತು. ಧಾರವಾಡ ಪೀಠದ ನಂಬರುಗಳು ಒಂದು ಲಕ್ಷದ ಮೇಲೆ, ಕಲಬುರಗಿಯವು ಎರಡು ಲಕ್ಷದ ಮೇಲೆ ಶುರುವಾಗುತ್ತವೆ. ನಮ್ಮದೂ ಅಂಥದ್ದೇ ಉದ್ದನೆಯ ನಂಬರು. ಅದನ್ನು ಅಪ್ಪ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದರು. ನಂಬರು ಬಿದ್ದಿದೆ ಅಂದರೆ ಕೇಸ್ ನಡೀತಿದೆ ಅಂದುಕೊಂಡಿದ್ದೆವು. ಮೊಬೈಲಿನಲ್ಲಿ ಒಂದು ಸಲ ನೋಡಿದ್ದರೆ ಸಾಕಿತ್ತು. ಮುಂದಿನ ದಿನಾಂಕ, ಪ್ರತಿ ದಿನದ ಆದೇಶ, ಎಲ್ಲಾ ಸಿಗುತ್ತದೆ. ಇ-ಕೋರ್ಟ್ಸ್ ಆಪ್‌ನಲ್ಲಿ ಪ್ರತಿ ಕೇಸಿಗೂ ಇರುವ 16 ಅಂಕಿ-ಅಕ್ಷರಗಳ ಸಿಎನ್‌ಆರ್ ನಂಬರ್ ಹಾಕಿಯೂ ನೋಡಬಹುದು. ಹದಿನೈದು ದಿನಕ್ಕೊಮ್ಮೆಯಾದರೂ ನೀವೇ ನೋಡಿ. ಕೆಳಗಿನ ಕೋರ್ಟಿನಲ್ಲಿ ಅಮಲ್ಜಾರಿ ಅರ್ಜಿ ಬಂದಿದೆಯಾ ಅಂತ ಹೆಸರು ಹಾಕಿ ಹುಡುಕಿ.

ಆಮೇಲೆ ಏನಾಯಿತು ಅಂತ ಬೇಗ ಹೇಳಿಬಿಡುತ್ತೇನೆ. ಹಳೆಯ ವಕೀಲರು ಬಾಕಿ ಫೀ ಕೊಡುವವರೆಗೆ ಫೈಲು ಕೊಡಲ್ಲ ಅಂದರು. ಹಾಗೆ ಹಿಡಿದಿಡುವ ಹಕ್ಕು ವಕೀಲರಿಗೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಹೊಸ ವಕೀಲರು ಆ ಮಾತು ಎತ್ತಿದ ಮೇಲೆ ಫೈಲು ಬಂತು. ವಜಾ ಆದೇಶ ವಾಪಸ್ ಪಡೆಯಲು ಅರ್ಜಿ ಹಾಕಿದರು. ವಕೀಲರ ತಪ್ಪಿಗೆ ಕಕ್ಷಿದಾರನನ್ನು ಶಿಕ್ಷಿಸಬಾರದು ಎಂಬ 1981ರ ರಫೀಕ್ ಕೇಸಿನ ತೀರ್ಪು ತೋರಿಸಿದರು. ಕೋರ್ಟಿನವರು 5,000 ರೂಪಾಯಿ ಖರ್ಚು ಕಟ್ಟಿಸಿಕೊಂಡು ಅಪೀಲಿಗೆ ಮತ್ತೆ ಜೀವ ಕೊಟ್ಟರು. ಮನೆಯಲ್ಲಿ ಅವತ್ತು ಎಲ್ಲರೂ ಹೊಟ್ಟೆ ತುಂಬಾ ಊಟ ಮಾಡಿದೆವು.

ಆದರೆ 180 ದಿನದ ತಡ ಹಾಗೇ ಇತ್ತಲ್ಲ. ಆ ಅರ್ಜಿ ಬಂದ ದಿನ ನಾನು ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಾಮಾಲೆಗೆ ಯಾವ ಆಸ್ಪತ್ರೆ, ಸರ್ಟಿಫಿಕೇಟ್ ಎಲ್ಲಿ ಅಂತ ನ್ಯಾಯಮೂರ್ತಿಗಳು ಕೇಳಿದರು. ಏನಿದೆ ಕೊಡಲು? ಈಗ ನಿಜ ಹೇಳುತ್ತೇವೆ ಅಂತ ಹೊಸ ಅಫಿಡವಿಟ್ ಕೊಟ್ಟಿದ್ದೆವು. ಎರಡು ಅಫಿಡವಿಟ್, ಎರಡು ಕಥೆ. ನಂಬಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಮನ್ನಾ ಅರ್ಜಿ ವಜಾ, ಅದರ ಜೊತೆ ಅಪೀಲೂ ವಜಾ. ಎರಡನೇ ಅಪೀಲಿನಲ್ಲಿ ಕಾನೂನಿನ ಮಹತ್ವದ ಪ್ರಶ್ನೆ ಇದ್ದರೆ ಮಾತ್ರ ಕೇಳುತ್ತಾರೆ, ಸಾಕ್ಷಿಗಳನ್ನು ಮತ್ತೆ ತೂಗುತ್ತಾ ಕೂರುವುದಿಲ್ಲ. ನಮ್ಮಲ್ಲಿ ಅಂಥ ಪ್ರಶ್ನೆ ಇತ್ತು ಅಂತ ಹೊಸ ವಕೀಲರು ಹೇಳುತ್ತಾರೆ. ಹಳೇ ಸರ್ವೆ ನಕ್ಷೆಯನ್ನು ಎರಡೂ ಕೋರ್ಟುಗಳು ನೋಡಿಯೇ ಇಲ್ಲ. ಅದನ್ನು ಹೇಳುವ ಹಂತಕ್ಕೇ ನಾವು ಹೋಗಲಿಲ್ಲ.

ದುಡ್ಡಿಲ್ಲದವರಿಗೆ ಒಂದು ಮಾತು. ಹೈಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರಿಗೆ ಅಲ್ಲಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಇದು ಮೊದಲೇ ಗೊತ್ತಿದ್ದರೆ ಅಮ್ಮನ ಹೆಸರಿನಲ್ಲಿ ಕೇಳಬಹುದಿತ್ತು. ಜಮೀನಿನಲ್ಲಿ ಅವರ ಹೆಸರೂ ಇದೆ. ವಕೀಲರ ಮೇಲೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಟ್ಟಿದ್ದೇನೆ. ವಾಟ್ಸಾಪ್ ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡಿದ್ದು ಅಲ್ಲಿ ಉಪಯೋಗಕ್ಕೆ ಬಂತು.

ಹೋದ ತಿಂಗಳು ನಮ್ಮ ಓಣಿಯ ಹುಡುಗನೊಬ್ಬ ಬಂದಿದ್ದ. ಅವರ ಕೇಸಿನ ತೀರ್ಪಾಗಿ ಇಪ್ಪತ್ತು ದಿನ ಆಗಿತ್ತು. ನಕಲಿಗೆ ಅರ್ಜಿ ಹಾಕಿದ್ದೀಯಾ ಅಂತ ಕೇಳಿದೆ. "ವಕೀಲರು ಹಾಕ್ತಾರಂತೆ ಅಣ್ಣ" ಅಂದ. ಬೈಕಿನ ಹಿಂದೆ ಕೂರಿಸಿಕೊಂಡು ಅವತ್ತೇ ತಾಲೂಕು ಕೋರ್ಟಿಗೆ ಹೋದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಜಿ ಹಾಕಿ ಮುಗಿಸಿದ್ದೆವು.